ಸಾಕ್ಷ್ಯಚಿತ್ರಕಾರರ ಪಾಡು

ನಾಗರಹೊಳೆಯ ಕಾಡು ಅರ್ಧ ಮೈಸೂರಿನದು, ಅರ್ಧ ನಮ್ಮದು ಎಂಬುದು ವಾಚಕರಿಗೆ ವಿದಿತವೇ ಆಗಿದೆ. ಆ ಕಾಡಿನ ಜೀವನವನ್ನು ಕುರಿತು ಚೆನ್ನೈಯ ಶ್ರೀ ಶೇಖರ್ ದತ್ತಾತ್ರಿಯವರು ತೆಗೆದ ಚಿತ್ರವು ೧೯೯೭ರಲ್ಲಿ ಡಿಸ್ಕವರಿ ಚಾನೆಲಿನ ಮೂಲಕ ಪ್ರಕಟವಾಯಿತು. ಕಾಡು ನಮ್ಮದು, ಕಣ್ಣು ನಮ್ಮ ದೇಶದವರದು. ಆದರೆ ಹಣ ಪರದೇಶದ್ದು, ನುಡಿ ಇಂಗ್ಲಿಷು. ಸ್ವತಂತ್ರ ಸಾಕ್ಷ್ಯಚಿತ್ರಕಾರನ ವೃತ್ತಿಯ ಸಂಕಟವೆಲ್ಲವೂ ಈ ಒಂದು ಸಂಗತಿಯಲ್ಲಿಯೇ ಅಡಗಿರುವುದೆಂದು ನಮಗೆ ತೋರುತ್ತದೆ.

ದತ್ತಾತ್ರಿಯವರು ಮುಂದೆ ಪರದೇಶದ ಚಾನೆಲುಗಳ ದಾರಿಯನ್ನು ಬಿಟ್ಟು, ಕಾಡನ್ನು ಕಾಯುವ ಸಂಘಗಳಿಗಾಗಿ ಕಿರುಚಿತ್ರಗಳನ್ನು ತೆಗೆಯಲು ತೊಡಗಿದರು. ಕುದುರೆಮುಖದ ಗಣಿಯಿಂದ ಭದ್ರೆಗೊದಗಿದ ದುರವಸ್ಥೆಯನ್ನು ತೋರಿಸಿದ ಚಿತ್ರವು ಅವುಗಳಲ್ಲೊಂದು. ಸುಪ್ರೀಂ ಕೋರ್ಟು ೧೯೯೨ರಲ್ಲಲ್ಲ, ೨೦೦೨ರಲ್ಲಿ, ಅಂದರೆ ಬಹಳ ತಡವಾಗಿಯೇ ತೀರ್ಪನ್ನಿತ್ತಿತು. ೨೦೦೫ರ ಕೊನೆಗೆ ಗಣಿ ನಿಂತಿತು. ಈ ಫಲವು ಚಿತ್ರವೊಂದರಿಂದಲೇ ಬಂದಿತೆಂದು ನಾವು ಹೇಳುವವರಲ್ಲ. ನ್ಯಾಯಾಲಯದ ಮೆಟ್ಟಿಲೇರಿದವರು ನಮ್ಮ ಕೊಡಗಿನವರೇ ಆದ, ನಾಗರಹೊಳೆಯ ರೇಂಜರಾಗಿದ್ದ ದಿವಂಗತ ಕೆ. ಎಂ. ಚಿಣ್ಣಪ್ಪನವರು. ಆದರೆ ಬೆಟ್ಟವನ್ನು ಕಾಣದ ಪಟ್ಟಣಿಗರಿಗೆ ಕೆಂಪಾದ ಹೊಳೆಯನ್ನು ಕಾಣಿಸಿದುದು ಚಿತ್ರವೇ.

ಮೈಸೂರಿನ ಶ್ರೀಗಳಾದ ಕೃಪಾಕರ-ಸೇನಾನಿಯವರ ವಿಷಯವನ್ನು ನೋಡಿರಿ. ೧೯೯೭ರಲ್ಲಿ ವೀರಪ್ಪನ್ನನ ಸೆರೆಯಲ್ಲಿ ಹದಿನಾಲ್ಕು ದಿನ ಕಳೆದುಬಂದ ಈ ಗೆಳೆಯರು ಕಾಡನ್ನು ಬಿಡಲಿಲ್ಲ. ವರ್ಷಾನುಗಟ್ಟಲೆ ಸೀಳುನಾಯಿಗಳ ಬೆನ್ನುಹತ್ತಿ ತೆಗೆದ 'ದಿ ಪ್ಯಾಕ್' ಎಂಬ ಚಿತ್ರಕ್ಕೆ ೨೦೧೦ರಲ್ಲಿ ಬ್ರಿಸ್ಟಲಿನ ಪಾಂಡಾ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯ ದಿನ ಎಲ್ಲರೂ ಹೊಗಳಿದರು. ಆದರೆ ಸೀಳುನಾಯಿಯು ಇಂದು ಬಂದೀತೇ, ನಾಳೆ ಬಂದೀತೇ ಎಂದು ಕಾಯುತ್ತ ಕುಳಿತವನಿಗೆ ಯಾವ ಬ್ಯಾಂಕಿನವರು ಸಾಲ ಕೊಟ್ಟಾರು?

ಮನುಷ್ಯರ ಕಷ್ಟವನ್ನು ಚಿತ್ರಿಸುವವರ ಗತಿ ಇನ್ನೂ ಕಠಿಣ. ಶಿವಕಾಶಿಯಲ್ಲಿ ದುಡಿಯುವ ಮಕ್ಕಳನ್ನು ಕುರಿತು ೧೯೯೦ರಲ್ಲಿ ಚಿತ್ರ ತೆಗೆದ ಕನ್ನಡಿಗ ಚಲಂ ಬೆನ್ನೂರಕರರಂಥವರಿಗೆ ಕೊಳ್ಳುವವರೇ ವಿರಳ. ಸಾರ್ವಜನಿಕ ಪ್ರದರ್ಶನಕ್ಕೆ ೧೯೫೨ರ ಕಾನೂನಿನ ಪ್ರಕಾರ ಸರ್ಟಿಫಿಕೇಟು ಬೇರೆ ಬೇಕು. ೨೦೦೪ರಲ್ಲಿ ಮುಂಬಯಿಯ ಸರ್ಕಾರೀ ಉತ್ಸವಕ್ಕೂ ಅದನ್ನು ಕೇಳಿದಾಗ ಚಿತ್ರಕಾರರು ಒಟ್ಟಾಗಿ ಪ್ರತಿಭಟಿಸಿದರು. ಷರತ್ತು ಬಿದ್ದಿತು, ಆದರೂ ಅನೇಕ ಚಿತ್ರಗಳು ತಿರಸ್ಕೃತವಾದುವು. ೧೯೪೮ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್ ಎಂಬ ಇಲಾಖೆಯೂ ೨೦೨೨ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಯಿತು.

ಇನ್ನು ನಮ್ಮ ಜಿಲ್ಲೆ. ೨೦೧೮ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದಾಗ ಕ್ಯಾಮೆರಾಗಳಿಗೇನೂ ಬರವಿರಲಿಲ್ಲ. ನೆರೆಯಿಳಿದ ಮೇಲೆ ಮನೆ ಕಳೆದುಕೊಂಡ ಒಂದು ಸಂಸಾರದ ಜೊತೆಯಲ್ಲಿ ಐದು ವರ್ಷ ನಡೆದು, ಅದು ಹೇಗೆ ಮತ್ತೆ ಒಲೆ ಹೂಡಿತೆಂಬುದನ್ನು ಚಿತ್ರಿಸುವುದು ಬೇರೆಯೇ ಕೆಲಸ. ಕಾಫಿ ತೋಟದಲ್ಲಿ ಆನೆಯನ್ನು ಎದುರಿಸುವ ಕೂಲಿಯವನ ಕಥೆ, ಎರವರ ಮತ್ತು ಜೇನುಕುರುಬರ ನುಡಿ, ಇವೂ ಹಾಗೆಯೇ ದೀರ್ಘಕಾಲವನ್ನು ಬೇಡುವಂಥವು. ಕ್ಯಾಮೆರಾ ಹಿಡಿಯಬಲ್ಲ ನಮ್ಮ ತರುಣರು ಮದುವೆಗಳಿಗೂ ಹೋಂಸ್ಟೇಗಳ ಜಾಹೀರಾತಿಗೂ ಹೋಗುವರು. ಅವರನ್ನು ನಾವು ದೂರಲಾರೆವು. ಅಲ್ಲಿ ಸಂಜೆಗೆ ಹಣ ಕೈಸೇರುವುದು.

ನಮ್ಮ ಸಂಘಸಂಸ್ಥೆಗಳ ರೀತಿಯೂ ಮೆಚ್ಚತಕ್ಕದ್ದಲ್ಲ. ಅಡಿಗೆಯವನಿಗೂ ಶಾಮಿಯಾನದವನಿಗೂ ಹಣ ಎಣಿಸುವ ಸಭೆಯು ಚಿತ್ರಕಾರನಿಗೆ ಹಾರ ಹಾಕಿ, ಒಂದು ಹಣ್ಣಿನ ಬುಟ್ಟಿ ಕೊಟ್ಟು ಕಳುಹುವುದು. ಕರ್ನಾಟಕ ಚಲನಚಿತ್ರ ಅಕಾಡೆಮಿಯವರೂ ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳವರೂ ಕೂಡಿ, ವರ್ಷಕ್ಕೆ ಒಬ್ಬಿಬ್ಬರು ತರುಣರಿಗಾದರೂ ಚಿತ್ರ ಮುಗಿಯುವವರೆಗೆ ತಿಂಗಳ ವೇತನವನ್ನು ಗೊತ್ತುಮಾಡಬೇಕು. ಸಿದ್ಧವಾದ ಚಿತ್ರವನ್ನು ಶಾಲೆಗಳೂ ಸಮಾಜಗಳೂ ಬಾಡಿಗೆ ಕೊಟ್ಟು ತೋರಿಸಲಿ. ಮುಂಬರುವ ಆಯವ್ಯಯದಲ್ಲಿ ಇದಕ್ಕೊಂದು ಬಾಬನ್ನು ಸೇರಿಸುವಂತೆ ನಮ್ಮ ಜಿಲ್ಲೆಯ ಶಾಸಕರಿಬ್ಬರೂ ಸರ್ಕಾರವನ್ನು ಕೇಳುವರೆಂದು ನಂಬಿದ್ದೇವೆ.