ಮುದಗಲ್ಲಿನ ಚರ್ಚೂ ಕನ್ನಡದ ಆಸ್ತಿ

ರಾಯಚೂರು ಜಿಲ್ಲೆಯ ಚರಿತ್ರೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕೋಟೆ ಮತ್ತು ಕಾಳಗ. 1520ರ ರಾಯಚೂರು ಮುತ್ತಿಗೆಯಲ್ಲಿ ಪೋರ್ಚುಗೀಸ್ ಬಂದೂಕುಧಾರಿಗಳು ಕೃಷ್ಣದೇವರಾಯನ ನೆರವಿಗೆ ನಿಂತ ಸಂಗತಿಯನ್ನು ನ್ಯೂನಿಜ್ ಬರೆದಿಟ್ಟಿದ್ದಾನೆ. ಆದರೆ ಗೋವೆಯ ದಿಕ್ಕಿನಿಂದ ಈ ಎಡೆದೊರೆ ನಾಡಿಗೆ ಬಂದದ್ದು ಕೋವಿಯೊಂದೇ ಅಲ್ಲ, ಪ್ರಾರ್ಥನೆಯೂ ಬಂದಿತು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕಥೋಲಿಕ ಚರ್ಚು ಅದಕ್ಕೆ ಸಾಕ್ಷಿ.

ಇಲ್ಲಿನ ಚರ್ಚನ್ನು ಜೆಸ್ವಿಟ್ ಪಾದ್ರಿಗಳು 1557ರ ಸುಮಾರಿಗೆ ಕಟ್ಟಿದರೆಂಬ ಮಾತು ಪ್ರಚಲಿತವಾಗಿದೆ. ಬಿಜಾಪುರದ ಆದಿಲಶಾಹಿ ಅರಸರು ಇದಕ್ಕೆ ಭೂಮಿಯನ್ನು ದತ್ತಿಯಾಗಿ ಕೊಟ್ಟರೆಂದೂ ಹೇಳಲಾಗುತ್ತದೆ. ಆ ಇಸವಿಯನ್ನು ಸಂಶೋಧಕರು ಇನ್ನಷ್ಟು ಒರೆಗೆ ಹಚ್ಚಬೇಕು. ಆದರೆ ಈ ನೆಲೆಯ ಬೆಲೆ ಒಂದು ಇಸವಿಯನ್ನು ಮಾತ್ರ ನೆಚ್ಚಿಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ. ಮುಸ್ಲಿಂ ದೊರೆಯ ಆಶ್ರಯದಲ್ಲಿ, ಕನ್ನಡ ಜನರ ನಡುವೆ ಬೇರೂರಿದ ಕ್ರೈಸ್ತ ಸಮುದಾಯವೊಂದು ಶತಮಾನಗಳ ಕಾಲ ಉಳಿದು ಬಂದಿದೆ. ಮೊಹರಂ ಆಚರಣೆಗೆ ಹೆಸರಾದ ಊರೂ ಇದೇ ಎಂಬುದನ್ನು ಮರೆಯಲಾಗದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಕ್ರೈಸ್ತರ ಕನ್ನಡ ಸೇವೆಯ ಕಥೆಯನ್ನು ನಾವು ಸಾಮಾನ್ಯವಾಗಿ ಬಾಸೆಲ್ ಮಿಷನ್ನಿನಿಂದ, 1843ರ 'ಮಂಗಳೂರ ಸಮಾಚಾರ'ದಿಂದ, 1894ರ ಕಿಟ್ಟೆಲ್ ನಿಘಂಟಿನಿಂದ ಹೇಳುತ್ತೇವೆ. ಆದರೆ ಮುದಗಲ್ಲಿನ ಕ್ರೈಸ್ತರಲ್ಲಿ ಹಿಂದಿನ ಪಾದ್ರಿಗಳ ಕಾಲದಿಂದ ಬಂದ ಕನ್ನಡ ಪ್ರಾರ್ಥನೆ, ಉಪದೇಶಗಳು ಬಳಕೆಯಲ್ಲಿದ್ದುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಗುರುತಿಸಿದ್ದಾನೆ. ಅಂದರೆ ಅಚ್ಚುಮೊಳೆಗೆ ಮೊದಲೇ ಇಲ್ಲಿ ದೇವರನ್ನು ಕನ್ನಡದಲ್ಲಿ ಕರೆಯಲಾಗಿತ್ತು. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಭಕ್ತಿಯನ್ನು ಕನ್ನಡದಲ್ಲಿ ಹಾಡಿದ ಜಿಲ್ಲೆಯಿದು. ದಾಸರ ಪದಗಳನ್ನು ಪರಂಪರೆಯೆಂದು ಕಾಪಾಡುವ ನಾವು ಅದೇ ನೆಲದ ಇನ್ನೊಂದು ಭಕ್ತಿಯ ನುಡಿಯನ್ನು ಕಡೆಗಣಿಸುವುದು ಸರಿಯಲ್ಲ.

ಹಳೆಯ ಚರ್ಚುಗಳ ಹಿರಿಮೆಯನ್ನು ಗೋಪುರ, ಬಣ್ಣದ ಗಾಜು, ಪೈಪ್ ಆರ್ಗನ್‌ಗಳಿಂದ ಅಳೆಯುವ ರೂಢಿ ಇದೆ. ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿನ ಪೈಪ್ ಆರ್ಗನ್ ಅಂಥದೊಂದು ಹೆಮ್ಮೆ. ಗಾಳಿ ಹಾಯಿಸಿ, ನುಡಿಸಿ, ದುರಸ್ತಿ ಮಾಡುತ್ತಿದ್ದರೆ ಮಾತ್ರ ಅದರ ಕೊಳವೆಗಳು ದನಿಗೊಡುತ್ತವೆ; ಕೈಬಿಟ್ಟರೆ ಅದು ಬರಿಯ ತವರ ಮತ್ತು ಮರ. ಹಳೆಯ ಪ್ರಾರ್ಥನೆಗಳ ಪಾಡೂ ಅಷ್ಟೆ. ಅವುಗಳನ್ನು ಬಲ್ಲ ಹಿರಿಯರು ಇಲ್ಲವಾದರೆ, ಕಾಗದಗಳು ಗೆದ್ದಲಿನ ಪಾಲಾದರೆ, ಗೋಡೆಗೆ ಎಷ್ಟು ಸುಣ್ಣ ಬಳಿದರೂ ಅವು ಮರಳಿ ಬರಲಾರವು.

ಪೂಜೆಯೂ ಸಂರಕ್ಷಣೆಯೂ ಜೊತೆಯಾಗಿ ಸಾಗಬಲ್ಲವು ಎಂಬುದಕ್ಕೆ ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯವೇ ನಿದರ್ಶನ. ಅಲ್ಲಿ ಅಂಟೋನಿಯೊ ಮೊಸ್ಕೇನಿ ರಚಿಸಿದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಜೀರ್ಣೋದ್ಧಾರ ಮಾಡಿದರು. ಅದಕ್ಕೆ ವ್ಯತಿರಿಕ್ತವಾಗಿ, ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚು ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಪಾಳುಬಿದ್ದು, ಇಂದು ಛಾಯಾಚಿತ್ರಗಳಿಗಷ್ಟೇ ವಸ್ತುವಾಗಿದೆ.

ಮುದಗಲ್ಲಿಗೆ ಬೇಕಾದದ್ದು ಚರ್ಚನ್ನು ಸರಕಾರ ವಶಪಡಿಸಿಕೊಳ್ಳುವುದಲ್ಲ. ಅದು ಭಕ್ತರದೇ ಆಗಿರಲಿ. ಅವರ ಒಪ್ಪಿಗೆಯೊಂದಿಗೆ ಪುರಾತತ್ತ್ವ ಇಲಾಖೆ ಕಟ್ಟಡ, ಸಮಾಧಿ ಕಲ್ಲು, ದತ್ತಿಪತ್ರಗಳನ್ನು ದಾಖಲಿಸಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಉಳಿದಿರುವ ಹಸ್ತಪ್ರತಿಗಳನ್ನು ಹುಡುಕಿ ಪ್ರತಿ ಮಾಡಿಕೊಳ್ಳಲಿ, ಹಿರಿಯರ ಬಾಯಲ್ಲಿರುವ ಪ್ರಾರ್ಥನೆಗಳನ್ನು ಧ್ವನಿಮುದ್ರಿಸಲಿ. ರಾಯಚೂರು, ದೇವದುರ್ಗ, ಮಾನ್ವಿಯ ಶಾಲೆಗಳು ಮಕ್ಕಳನ್ನು ಮುದಗಲ್ಲಿನ ಕೋಟೆಗೆ ಕರೆದೊಯ್ಯುವಾಗ ಚರ್ಚಿನ ಅಂಗಳಕ್ಕೂ ಕರೆದೊಯ್ಯಲಿ.

ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ, ಇದು ನಮ್ಮದು ಎಂಬ ಅರಿವು ಬೇಕು. ಕಥೋಲಿಕ ಚರ್ಚೊಂದರ ರಕ್ಷಣೆಯನ್ನು ಒಂದು ಮತದ ಪ್ರಶ್ನೆಯಾಗಿ ನೋಡುವವರೆಗೆ ನಾವು ಕನ್ನಡದ ಚರಿತ್ರೆಯ ಒಂದು ಪುಟವನ್ನೇ ಓದದೆ ಬಿಟ್ಟಂತೆ.