ನೀರಿಗೆ ಸೊನ್ನೆ, ಗಾಳಿಗೆ ಮೈನಸ್ ಸಾವಿರ

ಕೈಗಾರಿಕೆಯ ಅಳತೆಗಾರಿಕೆ ಕಳೆದ ಅರ್ಧ ಶತಮಾನದಲ್ಲಿ ನಡೆದು ಬಂದ ದಾರಿಯನ್ನು ಹಿಂತಿರುಗಿ ನೋಡಿದರೆ, ಪಶ್ಚಿಮ ಲಂಡನ್ನಿನ ಹೇಸ್‌ನಲ್ಲಿ ನಿಲ್ಲದೆ ಮುಂದೆ ಹೋಗಲಾಗದು. ಹೀಥ್ರೂ ವಿಮಾನ ನಿಲ್ದಾಣದ ಮಗ್ಗುಲಿನ ಊರು ಇದು. ಇಲ್ಲಿನ ಬ್ಲೈತ್ ರಸ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಕಾರ್ಖಾನೆಗೆ 1907ರಲ್ಲಿ ಅಡಿಗಲ್ಲಿಟ್ಟವರು ಗಾಯಕಿ ನೆಲ್ಲಿ ಮೆಲ್ಬಾ. ನಮ್ಮ ಅಜ್ಜಂದಿರ ಕಾಲದ ನಾಯಿ ಗುರುತಿನ ಪ್ಲೇಟುಗಳ ಕಂಪನಿಯೇ ಅದು. 1931ರಲ್ಲಿ ಇಎಂಐ ಆಯಿತು. ಸ್ಟೀರಿಯೊ ಧ್ವನಿಯ ಜನಕ ಅಲನ್ ಬ್ಲಮ್‌ಲೀನ್ 1935ರಲ್ಲಿ ತನ್ನ ಕಲ್ಪನೆಯನ್ನು ಒರೆಗೆ ಹಚ್ಚಿದ್ದು ಹೇಸ್ ಸ್ಟೇಷನ್ನಿನಲ್ಲಿ ಹಾದುಹೋಗುವ ರೈಲುಗಳನ್ನು ಚಿತ್ರೀಕರಿಸಿ.

ಹಾಡಿನ ಇದೇ ಕಂಪನಿಯ ಪ್ರಯೋಗಾಲಯದಲ್ಲಿ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ 1960ರ ದಶಕದ ಕೊನೆಯಲ್ಲಿ ಹಳೆಯ ಲೇತಿನ ಬೆಡ್ಡೊಂದರ ಮೇಲೆ ವಿಕಿರಣದ ಆಕರವನ್ನೂ ಅದರೆದುರು ಒಂದು ಡಿಟೆಕ್ಟರನ್ನೂ ಕೂರಿಸಿದರು. ನಡುವೆ ಇಟ್ಟ ವಸ್ತುವನ್ನು ಡಿಗ್ರಿ ಡಿಗ್ರಿಯಾಗಿ ತಿರುಗಿಸುತ್ತ ಸುಮಾರು 28,000 ಅಳತೆ ತೆಗೆಯಲು 9 ದಿನ ಹಿಡಿಯಿತು. ಆಕರ ತೀರಾ ದುರ್ಬಲವಾಗಿತ್ತು. ಎಕ್ಸ್‌ರೇ ಟ್ಯೂಬ್ ಹಾಕಿದ ಮೇಲೆ ಅದೇ ಕೆಲಸ 9 ಗಂಟೆಗೆ ಇಳಿಯಿತು. 1971ರ ಅಕ್ಟೋಬರ್ 1ರಂದು ವಿಂಬಲ್ಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಹೌನ್ಸ್‌ಫೀಲ್ಡರಿಗೆ ನೊಬೆಲ್ ಬಂತು. ಕೆಲವೇ ತಿಂಗಳುಗಳಲ್ಲಿ ಇಎಂಐ ಥಾರ್ನ್ ಕಂಪನಿಯ ಪಾಲಾಗಿ, ಸ್ಕ್ಯಾನರ್ ವ್ಯವಹಾರದಿಂದಲೇ ಹೊರಬಿತ್ತು. ಕಂಡುಹಿಡಿದವರೇ ಮಾರುಕಟ್ಟೆಯಲ್ಲಿ ಉಳಿಯಬೇಕೆಂಬ ನಿಯಮವೇನೂ ಇಲ್ಲವಲ್ಲ!

ಹೀಗೆ ಹುಟ್ಟಿದ ಸಿಟಿ ಸ್ಕ್ಯಾನ್ ಎಂದೊಡನೆ ಎಲ್ಲರೂ ಚಿತ್ರದ ಮಾತಾಡುತ್ತಾರೆ. ನಮ್ಮ ದೃಷ್ಟಿಯಲ್ಲಿ ಹೇಸ್ ಕೊಟ್ಟದ್ದು ಚಿತ್ರಕ್ಕಿಂತ ದೊಡ್ಡದು: ಒಂದು ಮಾಪಕ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಯಾವ ಊರಿನ ಯಾವ ಯಂತ್ರವೇ ಆಗಲಿ, ನೀರು ತುಂಬಿದ ಡಬ್ಬಿಯನ್ನು ಒಳಗಿಟ್ಟಾಗ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಪರದೆಯ ಮೇಲಿನ ಚಿತ್ರ ಎಷ್ಟೇ ಚೆಂದವಿದ್ದರೂ ಅಂಕಿಯನ್ನು ನಂಬುವಂತಿಲ್ಲ.

ಆಸ್ಪತ್ರೆಯ ಈ ವಿದ್ಯೆ ಕಾರ್ಖಾನೆಗೆ ಬಂದಾಗ ಆಟದ ನಿಯಮ ಬದಲಾಯಿತು. ಆಸ್ಪತ್ರೆಯಲ್ಲಿ ರೋಗಿ ಮಲಗಿರುತ್ತಾನೆ, ಟ್ಯೂಬ್ ಸುತ್ತುತ್ತದೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಟ್ಯೂಬ್ ನಿಂತಿರುತ್ತದೆ, ಬಿಡಿಭಾಗವೇ ತಿರುಗುತ್ತದೆ. ಎರಕದ ಒಳಗೆ ಗಾಳಿಗುಳ್ಳೆ ಇದೆಯೇ ಎಂದು ಸರಿಯಾಗಿ ತಿಳಿಯಲು ಹಿಂದೆ ಸಾಮಾನ್ಯವಾಗಿ ಪೀಸನ್ನು ಕೊಯ್ಯಬೇಕಿತ್ತು. ಕೊಯ್ದ ಪೀಸು ಗುಜರಿಗೆ, ಉಳಿದವು ನಂಬಿಕೆಯ ಮೇಲೆ. ವರ್ನಿಯರ್, ಮೈಕ್ರೋಮೀಟರ್, ಗೋ-ನೋಗೋ ಗೇಜು, ಕೊನೆಗೆ ನಿರ್ದೇಶಾಂಕ ಅಳೆಯುವ ಯಂತ್ರ ಸಿಎಂಎಂ, ಇವೆಲ್ಲ ಮುಟ್ಟಲು ಸಿಕ್ಕಿದ್ದನ್ನು ಮಾತ್ರ ಅಳೆಯುತ್ತವೆ. ಟರ್ಬೈನ್ ಬ್ಲೇಡಿನ ತಂಪುಗಾಳಿಯ ಕಾಲುವೆ, ತ್ರೀಡಿ ಪ್ರಿಂಟ್ ಆದ ಲೋಹದ ಒಳಜಾಲರಿ, ಬ್ಯಾಟರಿಯ ಸುರುಳಿ ಸಿಟಿಗೆ ಮಾತ್ರ ತೆರೆದುಕೊಂಡವು.

ಆದರೆ ಲೋಹ ನೀರಿನಷ್ಟು ಸೌಮ್ಯವಲ್ಲ. ದಪ್ಪ ಉಕ್ಕಿನಲ್ಲಿ ಮೃದು ಕಿರಣಗಳು ಮೊದಲೇ ಹೀರಿಹೋಗಿ, ಗಡುಸು ಕಿರಣಗಳಷ್ಟೇ ಆಚೆ ದಾಟುತ್ತವೆ. ಒಂದೇ ಲೋಹ ಅಂಚಿನಲ್ಲೊಂದು, ನಡುವಿನಲ್ಲೊಂದು ಸಾಂದ್ರತೆಯಂತೆ ಕಾಣುತ್ತದೆ. ಅಂಚು ಎಲ್ಲಿ ಎಂಬುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ಪರೀಕ್ಷಿಸಲೆಂದೇ, ನಡುವಿನ ಅಂತರ ಮೊದಲೇ ಗೊತ್ತಿರುವ ಮಾಣಿಕ್ಯದ ಗುಂಡುಗಳನ್ನು ಸ್ಕ್ಯಾನ್ ಮಾಡುತ್ತಾರೆ.

ಬೆಂಗಳೂರಿನಲ್ಲಿ ಅಳತೆಯ ಪರಂಪರೆ ಹೊಸದಲ್ಲ. ಎಚ್‌ಎಂಟಿ ಇತ್ತು, 1962ರಿಂದ ತುಮಕೂರು ರಸ್ತೆಯಲ್ಲಿ ಉತ್ಪಾದನಾ ತಂತ್ರಜ್ಞಾನದ ಸಂಸ್ಥೆ ಸಿಎಂಟಿಐ ಇದೆ. ಕೊರತೆ ಇರುವುದು ಯಂತ್ರಕ್ಕಲ್ಲ, ಯಂತ್ರವನ್ನೇ ಅಳೆಯುವ ಶಿಸ್ತಿಗೆ. ಕ್ಯಾಲಿಬ್ರೇಶನ್ ಎಂದರೆ ಆಡಿಟ್ ಬರುವ ವಾರದ ಗಡಿಬಿಡಿ, ಗೋಡೆಗೆ ತೂಗುಹಾಕುವ ಸರ್ಟಿಫಿಕೇಟು ಎಂಬ ಭಾವನೆ ನಮ್ಮ ಶಾಪ್‌ಫ್ಲೋರುಗಳಿಂದ ಇನ್ನೂ ಪೂರ್ತಿ ಹೋಗಿಲ್ಲ. ಉಷ್ಣಾಂಶವನ್ನೇ ನೋಡಿ: ಉದ್ದದ ಅಳತೆಗೆ ಜಗತ್ತು ಒಪ್ಪಿರುವ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. 100 ಮಿಲಿಮೀಟರಿನ ಅಲ್ಯೂಮಿನಿಯಂ ಪೀಸು 30 ಡಿಗ್ರಿಯಲ್ಲಿ ಸುಮಾರು 23 ಮೈಕ್ರಾನ್ ಹಿಗ್ಗಿರುತ್ತದೆ. ಹತ್ತು ಮೈಕ್ರಾನಿನ ಟಾಲರೆನ್ಸಿಗೆ ಸಹಿ ಹಾಕುವ ಪೀಣ್ಯದ ಘಟಕ ಕೋಟಿ ಕೊಟ್ಟು ಸ್ಕ್ಯಾನರ್ ತರಿಸುವ ಮುನ್ನ ಅಳತೆ ಕೋಣೆಗೊಂದು ಒಳ್ಳೆಯ ಎಸಿ ಹಾಕಿಸಲಿ, ಪೀಸು ತಣಿಯುವ ತನಕ ಕಾಯಲಿ; ರಿಪೋರ್ಟಿನಲ್ಲಿ ಉಷ್ಣಾಂಶದ ಕಾಲಮ್ಮನ್ನು ಖಾಲಿ ಬಿಡದಿರಲಿ.