ಆಟದ ಯಂತ್ರವೂ ನಮ್ಮ ಮಕ್ಕಳ ಆಯುಸ್ಸೂ

ಮಂಡ್ಯ, ಮದ್ದೂರು, ಮಳವಳ್ಳಿಯ ಮುಸ್ಲಿಮ್ ಮನೆಗಳಲ್ಲಿ ಹಿಂದೆ ಮಗ ಬೈಕ್ ಬೇಕೆಂದು ಹಟ ಹಿಡಿಯುತ್ತಿದ್ದ. ಇಂದು ಅವನ ತಮ್ಮ ಗ್ರಾಫಿಕ್ಸ್ ಕಾರ್ಡ್ ಬೇಕೆನ್ನುತ್ತಾನೆ. ಈ ಬೇಡಿಕೆಗೆ ಕೆಲವು ಹೆತ್ತವರು ‘ಅದು ಶೈತಾನನ ಪೆಟ್ಟಿಗೆ’ ಎಂದು ಮಾತು ಮುಗಿಸುತ್ತಾರೆ. ಇನ್ನು ಕೆಲವರು, ಮಗ ಮನೆಯಲ್ಲೇ ಇರುತ್ತಾನಲ್ಲ ಎಂಬ ಸಮಾಧಾನದಿಂದ ಕಂತಿನಲ್ಲಿ ಕೊಡಿಸಿಬಿಡುತ್ತಾರೆ. ಅರಿಯದೆ ನಿಷೇಧಿಸುವುದಾಗಲಿ, ಅರಿಯದೆ ಕೊಡಿಸುವುದಾಗಲಿ ಹೆತ್ತವರ ಹೊಣೆಯನ್ನು ಪೂರೈಸದು. ಮೊದಲು ಆ ವಸ್ತು ಏನೆಂದು ತಿಳಿಯೋಣ.

ಪರದೆಯ ಮೇಲಿನ ಲಕ್ಷಾಂತರ ಚುಕ್ಕೆಗಳ ಬಣ್ಣವನ್ನು ಏಕಕಾಲದಲ್ಲಿ ಲೆಕ್ಕ ಹಾಕುವ ಸಾಧನವೇ ಗ್ರಾಫಿಕ್ಸ್ ಕಾರ್ಡ್. 2025ರ ಜನವರಿಯಲ್ಲಿ ಎನ್ವಿಡಿಯಾ ಕಂಪೆನಿ ಹೊರತಂದ ಆರ್‌ಟಿಎಕ್ಸ್ 5090 ಕಾರ್ಡಿನ ಒಂದು ಚಿಪ್ಪಿನಲ್ಲಿ ಸುಮಾರು 9,200 ಕೋಟಿ ಟ್ರಾನ್ಸಿಸ್ಟರ್‌ಗಳಿವೆ. ಎರಡು ಚಿತ್ರಗಳ ನಡುವೆ ಹೆಚ್ಚುವರಿ ಚಿತ್ರಗಳನ್ನು ಅದು ಕೃತಕ ಬುದ್ಧಿಮತ್ತೆಯಿಂದ ತಾನೇ ರಚಿಸಿ ಸೇರಿಸುತ್ತದೆ. ಇದಕ್ಕಿಂತಲೂ ವಿಸ್ಮಯಕರವಾದುದು 2018ರಲ್ಲಿ ಆರ್‌ಟಿಎಕ್ಸ್ ಕಾರ್ಡುಗಳ ಮೂಲಕ ಮನೆಗಳನ್ನು ತಲುಪಿದ ‘ರೇ ಟ್ರೇಸಿಂಗ್’. ನೀರಿನ ಮೇಲಿನ ಪ್ರತಿಬಿಂಬವನ್ನೂ ಗೋಡೆಯ ಮೇಲಿನ ನೆರಳನ್ನೂ ಮೂಡಿಸಲು ಯಂತ್ರವು ಬೆಳಕಿನ ಕಿರಣಗಳ ಹಾದಿಯನ್ನೇ ಲೆಕ್ಕ ಹಾಕುತ್ತದೆ.

ಈ ಲೆಕ್ಕದ ಬೇರು ನಮಗೆ ಅಪರಿಚಿತವಲ್ಲ. ಬಸ್ರಾದಲ್ಲಿ ಜನಿಸಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ 11ನೆಯ ಶತಮಾನದಲ್ಲಿ ‘ಕಿತಾಬುಲ್ ಮನಾಝಿರ್’ ಎಂಬ ಗ್ರಂಥವನ್ನು ರಚಿಸಿದರು. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆಂಬ ಹಳೆಯ ವಾದವನ್ನು ತಳ್ಳಿಹಾಕಿ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುವುದರಿಂದಲೇ ನೋಟ ಸಾಧ್ಯವೆಂದು ಅವರು ತೋರಿಸಿದರು. ಬಾಗಿದ ದರ್ಪಣದ ಯಾವ ಬಿಂದುವಿನಲ್ಲಿ ಬೆಳಕು ಪ್ರತಿಫಲಿಸಿ ಕಣ್ಣನ್ನು ಸೇರುತ್ತದೆ ಎಂಬ ಸಮಸ್ಯೆ ಇಂದಿಗೂ ಅವರ ಹೆಸರಿನಲ್ಲಿದೆ. ನಮ್ಮ ಹುಡುಗರು ಪರದೆಯಲ್ಲಿ ಕಾಣುವ ಹೊಳಪಿನ ಹಿಂದೆ ಆ ವಿದ್ವಾಂಸನ ಶ್ರಮವೂ ಇದೆ. ಆದರೆ ಅವರು ಬೆಳಕನ್ನು ಅಧ್ಯಯನ ಮಾಡಿದರು, ನಮ್ಮವರು ಅದನ್ನು ನೋಡುತ್ತ ಕುಳಿತಿದ್ದಾರೆ. ನಮ್ಮ ಚಿಂತೆ ಇದೇ.

ಇಸ್ಲಾಮ್ ಆಟದ ವಿರೋಧಿಯಲ್ಲ. ಪ್ರವಾದಿವರ್ಯರು(ಸ) ಬಿಲ್ಲುವಿದ್ಯೆಯನ್ನೂ ಕುದುರೆ ಸವಾರಿಯನ್ನೂ ಪ್ರೋತ್ಸಾಹಿಸಿದರು. ಹಝ್ರತ್ ಆಯಿಶಾ(ರ)ರೊಡನೆ ಓಟದ ಪಂದ್ಯ ಆಡಿದರು. ಆದುದರಿಂದ ಪ್ರಶ್ನೆ ಆಟದ್ದಲ್ಲ, ಎಲ್ಲೆಯದು.

ಮೊದಲನೆಯ ಎಲ್ಲೆ ಜೂಜು. ಹಣ ಕೊಟ್ಟು, ಒಳಗೇನಿದೆಯೆಂದು ತಿಳಿಯದೆ ತೆರೆಯುವ ‘ಲೂಟ್ ಬಾಕ್ಸ್’ಗಳು ಅನೇಕ ಆಟಗಳಲ್ಲಿವೆ. ಬೆಲ್ಜಿಯಮ್ 2018ರಲ್ಲೇ ಇಂಥವುಗಳಲ್ಲಿ ಕೆಲವನ್ನು ಜೂಜೆಂದು ಪರಿಗಣಿಸಿತು. ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಮೈಸಿರ್ ನಿಷಿದ್ಧವೆಂದು ಕುರ್‌ಆನಿನಿಂದ ತಿಳಿದಿರುವ ನಾವು ಕಾನೂನು ಬರುವವರೆಗೆ ಕಾಯಬೇಕಾಗಿರಲಿಲ್ಲ.

ಎರಡನೆಯದು ದುಂದು ಮತ್ತು ಬಡ್ಡಿ. ಮೇಲೆ ಹೇಳಿದ ಕಾರ್ಡಿನ ಬೆಲೆ ಎರಡು ಲಕ್ಷ ರೂಪಾಯಿಯನ್ನು ಮೀರುತ್ತದೆ. ಕೆಲವೇ ವರ್ಷಗಳಲ್ಲಿ ಹಳತಾಗುವ ವಸ್ತುವಿಗಾಗಿ ಬಡ್ಡಿಯ ಕಂತಿಗೆ ಸಹಿ ಹಾಕುವುದು ಮನೆಯ ಬರಕತ್ತನ್ನು ಮಾರಿದಂತೆ.

ಮೂರನೆಯದು ಸಮಯ. ರಾತ್ರಿ ಎರಡರವರೆಗೆ ಆಡುವವನಿಗೆ ಫಜ್ರ್ ಎಲ್ಲಿ? ಮರುದಿನದ ಪಾಠವೆಲ್ಲಿ? ಹಿಡಿತ ತಪ್ಪಿದ ಆಟವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕಾಗಿಯೇ 2014ರಿಂದ ‘ಶಟ್’ ಚಿಕಿತ್ಸಾಲಯವನ್ನು ನಡೆಸುತ್ತಿದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ.

ಆದರೆ ಬೇಡವೆನ್ನುವುದಷ್ಟೇ ತರಬೇತಿಯಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಹೊಸ ತಂತ್ರಜ್ಞಾನ ಈ ನೆಲಕ್ಕೆ ಹೊಸತಲ್ಲ. ಇಂದು ಪ್ಲೇಸ್ಟೇಷನ್ 5ಕ್ಕೆ ಚಿಪ್ ಒದಗಿಸುವ ಎಎಮ್‌ಡಿ ಕಂಪೆನಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರಲ್ಲಿ ಬೆಂಗಳೂರಿನಲ್ಲೇ ತೆರೆದಿದೆ, ಮಂಡ್ಯದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಕರ್ನಾಟಕ ಸರಕಾರ 2012ರಲ್ಲೇ ಒಂದು ನೀತಿಯನ್ನು ರೂಪಿಸಿತು. ಬಾಗಿಲು ತೆರೆದಿದೆ. ಅದರೊಳಗೆ ನಮ್ಮ ಮಕ್ಕಳು ಗಿರಾಕಿಗಳಾಗಿ ಹೋಗಬೇಕೇ, ಕುಶಲಕರ್ಮಿಗಳಾಗಿ ಹೋಗಬೇಕೇ?

ಅದಕ್ಕೆ ಎರಡು ಲಕ್ಷದ ಕಾರ್ಡು ಬೇಕಿಲ್ಲ. ಬ್ಲೆಂಡರ್‌ನಂತಹ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ, ಸಾಧಾರಣ ಕಂಪ್ಯೂಟರಿನಲ್ಲೇ ಕಲಿಕೆ ಆರಂಭಿಸಬಹುದು. ಮಗ ಆಟ ಬೇಕೆಂದಾಗ, ‘ಒಂದು ಸಣ್ಣ ಆಟವನ್ನು ನೀನೇ ಮಾಡಿ ತೋರಿಸು’ ಎನ್ನೋಣ. ಮಗಳಿಗೂ ಅದೇ ಅವಕಾಶವನ್ನು ನೀಡೋಣ. ಕಂಪ್ಯೂಟರನ್ನು ಬಾಗಿಲು ಮುಚ್ಚಿದ ಕೋಣೆಯಲ್ಲಿಡದೆ ನಡುಮನೆಯಲ್ಲಿಡೋಣ. ಇಶಾ ನಮಾಝಿನ ಬಳಿಕ ಅದನ್ನು ಆರಿಸುವ ನಿಯಮ ಹಿರಿಯರ ಮೊಬೈಲಿಗೂ ಅನ್ವಯಿಸಲಿ. ನಮ್ಮ ಮಸೀದಿ, ಮದ್ರಸಾಗಳ ಬೇಸಿಗೆ ಶಿಬಿರಗಳಲ್ಲಿ ದೀನಿನ ಪಾಠದೊಂದಿಗೆ ಹತ್ತು ದಿನಗಳ ಕಂಪ್ಯೂಟರ್ ಪಾಠಕ್ಕೂ ಸ್ಥಾನವಿರಲಿ.

ಯಂತ್ರ ಪ್ರತಿ ವರ್ಷ ಹೊಸತಾಗಿ ಬರುತ್ತದೆ. ಮಗುವಿನ ಹದಿನೈದನೆಯ ವರ್ಷ ಮತ್ತೆ ಬರುವುದಿಲ್ಲ. ಆಯುಸ್ಸನ್ನು ಯಾವುದರಲ್ಲಿ ಕಳೆದೆವೆಂಬ ವಿಚಾರಣೆ ನಮಗೂ ಇದೆ, ನಮ್ಮ ಮಕ್ಕಳಿಗೂ ಇದೆ. ಆ ದಿನ ತಲೆಯೆತ್ತಿ ಉತ್ತರಿಸುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.